ತಲೆ ನೀವೇ ಬೋಳಿಸ್ಕೊಳ್ಳೋದು ಹೇಗೆ, ಆಮೇಲೆ ಆ ಚರ್ಮ ನೋಡ್ಕೊಳ್ಳೋದು ಹೇಗೆ

ನಮ್ಮ ಕಡೆ ತಲೆ ಬೋಳಿಸೋದು ಯಾರಿಗೂ ಹೊಸ ವಿಷಯ ಅಲ್ಲ. ಮಗುವಿಗೆ ಚೌಲ ಅಂತ, ಹರಕೆ ಇದ್ರೆ ತಿರುಪತಿಲೋ ನಂಜನಗೂಡಲ್ಲೋ ಧರ್ಮಸ್ಥಳದಲ್ಲೋ ಮುಡಿ ಕೊಡೋದು ಅಂತ, ಅಪ್ಪ ಅಮ್ಮ ತೀರ್ಕೊಂಡಾಗ ಕರ್ಮ ಮಾಡೋಕೆ ಕೂತವರು ಬೋಳಿಸ್ಕೊಳ್ಳೋದು ಅಂತ, ಎಷ್ಟೋ ಜನರ ತಲೆ ಮೇಲೆ ಒಂದಲ್ಲ ಒಂದು ಸಲ ಕತ್ತಿ ಆಡಿರುತ್ತೆ. ಆದ್ರೆ ಅದೆಲ್ಲಾ ಒಂದು ಸಲದ ಕೆಲಸ. ಕ್ಷೌರದವರು ನೀರು ತಟ್ಟಿ ಐದು ನಿಮಿಷದಲ್ಲಿ ಮುಗಿಸ್ತಾರೆ, ಮೇಲೆ ಒಂದಿಷ್ಟು ಗಂಧ ಹಚ್ಕೊಂಡ್ರೆ ತಂಪಾಯ್ತು, ಕೆಲವು ವಾರದಲ್ಲಿ ಕೂದಲು ಬಂದು ಚರ್ಮ ಮುಚ್ಕೊಳ್ಳುತ್ತೆ. ಕೂದಲು ಉದುರ್ತಾ ಉದುರ್ತಾ ಬಂದು ಇನ್ನು ಇದನ್ನ ಪೂರ್ತಿ ತೆಗೆದುಬಿಡೋಣ ಅಂತ ತೀರ್ಮಾನ ಮಾಡಿ, ಎರಡು ಮೂರು ದಿನಕ್ಕೊಂದ್ಸಲ ಮನೆ ಬಾತ್‌ರೂಮಲ್ಲೇ ಶೇವ್ ಮಾಡ್ಕೊಳ್ಳೋರ ವಿಷಯ ಬೇರೆ. ಅವರ ತಲೆ ಚರ್ಮ ವರ್ಷಗಟ್ಟಲೆ ಬ್ಲೇಡು, ಬಿಸಿಲು, ಬೆವರು, ಹೆಲ್ಮೆಟ್ಟು ಎಲ್ಲಾನೂ ನೇರವಾಗಿ ತಡ್ಕೋಬೇಕು, ಮುಚ್ಕೊಳ್ಳೋಕೆ ಏನೂ ಇರಲ್ಲ.

ಇಂಥವರಿಗೆ ಯಾರೂ ಸರಿಯಾಗಿ ಹೇಳ್ಕೊಡಲ್ಲ. ಯಾವ ರೇಜರ್ ತಗೊಳ್ಳಿ ಅಂತ ಹೇಳೋರು ಸಿಗ್ತಾರೆ, ಚರ್ಮದ ಬಗ್ಗೆ ಹೇಳೋರು ಕಮ್ಮಿ. ನನ್ನ ಪ್ರಕಾರ ಮೊದಲು ತಲೇಲಿ ಇಟ್ಕೋಬೇಕಾದ ವಿಷಯ ಏನಂದ್ರೆ, ಇಷ್ಟು ದಿನ ಕೂದಲಿನ ನೆರಳಲ್ಲಿದ್ದ ಚರ್ಮ ಅದು, ಶೇವ್ ಮಾಡಿದ ದಿನದಿಂದ ಅದೂ ಮುಖದ ಒಂದು ಭಾಗ. ಮುಖಕ್ಕೆ ಏನೇನು ಮಾಡ್ತೀರೋ ಅದೆಲ್ಲಾ ಹಣೆ ಹತ್ರ ನಿಲ್ಸದೆ ಹಿಂದೆ ಕತ್ತಿನ ತನಕ ತಗೊಂಡು ಹೋಗ್ಬೇಕು.

ಗಂಡಸರಲ್ಲಿ ಹಣೆಯ ಎರಡು ಪಕ್ಕದಿಂದ ಮತ್ತೆ ನೆತ್ತಿಯಿಂದ ಕೂದಲು ಹೋಗೋದಕ್ಕೆ ಮುಖ್ಯ ಕಾರಣ ವಂಶ ಮತ್ತು ಡಿಎಚ್‌ಟಿ ಅನ್ನೋ ಹಾರ್ಮೋನು. ಟೆಸ್ಟೋಸ್ಟೆರಾನ್‌ನಿಂದ ತಯಾರಾಗೋ ಈ ಡಿಎಚ್‌ಟಿ, ಹುಟ್ಟಿನಿಂದಲೇ ಅದಕ್ಕೆ ಸೂಕ್ಷ್ಮವಾಗಿರೋ ಕೂದಲ ಬೇರುಗಳನ್ನ ವರ್ಷದಿಂದ ವರ್ಷಕ್ಕೆ ಕುಗ್ಗಿಸ್ತಾ ಹೋಗುತ್ತೆ, ದಪ್ಪ ಕೂದಲು ಬರ್ತಿದ್ದ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನವಿರು ಕೂದಲು ಬರುತ್ತೆ. ಬೆಂಗಳೂರು ನೀರಿಂದ ಹೋಯ್ತು, ಹೆಲ್ಮೆಟ್‌ನಿಂದ ಹೋಯ್ತು ಅಂತ ಎಷ್ಟೋ ಜನ ವರ್ಷಗಟ್ಟಲೆ ಕೊರಗ್ತಾರೆ, ಬೋರ್‌ವೆಲ್ ಗಡಸು ನೀರಲ್ಲಿ ಕೂದಲು ಒರಟಾಗುತ್ತೆ ಅನ್ನೋದು ನಿಜ, ಆದ್ರೆ ಈ ತರ ನೆತ್ತಿ ಖಾಲಿ ಆಗೋದಕ್ಕೆ ನೀರು ಕಾರಣ ಅಲ್ಲ. ಮಿನಾಕ್ಸಿಡಿಲ್, ಫಿನಾಸ್ಟರೈಡ್ ತರದ ಔಷಧಿ ಡಾಕ್ಟರ ಹತ್ರ ಕೇಳಿ ತಗೊಂಡ್ರೆ ಎಷ್ಟೋ ಜನಕ್ಕೆ ಉದುರೋದು ನಿಧಾನ ಆಗುತ್ತೆ, ನಿಲ್ಸಿದ್ರೆ ಮತ್ತೆ ಶುರು ಆಗುತ್ತೆ. ಅದು ಅವರವರ ಆಯ್ಕೆ. ಬೋಳಿಸ್ಕೊಳ್ಳೋದೂ ಅಷ್ಟೇ ಗೌರವದ ಆಯ್ಕೆ.

ಈ ಡಿಎಚ್‌ಟಿ ವಿಷಯ ಇಲ್ಲಿ ಯಾಕೆ ಬಂತು ಅಂದ್ರೆ, ಕಿವಿ ಮೇಲ್ಗಡೆ ಮತ್ತೆ ಹಿಂದಲೆಯಲ್ಲಿರೋ ಬೇರುಗಳಿಗೆ ಇದು ಅಷ್ಟಾಗಿ ತಟ್ಟಲ್ಲ. ಹಾಗಾಗಿ ನಿಮ್ಮ ತಲೆ ಮೇಲೆ ಎರಡು ಬೇರೆ ಬೇರೆ ತರದ ಕೂದಲಿದೆ, ಮೇಲೆ ನವಿರು, ಸುತ್ತ ಒರಟು. ಬಹಳ ಜನ ಇಡೀ ತಲೆಗೆ ಒಂದೇ ಸಮನೆ ಬ್ಲೇಡ್ ಎಳೀತಾರೆ, ಒರಟು ಜಾಗಕ್ಕೆ ಬೇಕಾದಷ್ಟು ಒತ್ತಡ ಮತ್ತೆ ಸುತ್ತು ನೆತ್ತಿಗೂ ಹಾಕಿ ಉರಿ ಮಾಡ್ಕೊಳ್ತಾರೆ. ನೆತ್ತಿಗೆ ಒಂದು ಸಲ ಹಗುರಾಗಿ ಆಡಿಸಿದ್ರೆ ಸಾಕು.

ಬೋಳಿಸಿದ್ರೆ ಕೂದಲು ದಪ್ಪ ಬರುತ್ತೆ ಅಂತ ನಮ್ಮ ಮನೆಗಳಲ್ಲಿ ಈಗ್ಲೂ ಹೇಳ್ತಾರೆ, ಮಗುವಿಗೆ ಎರಡೆರಡು ಸಲ ಬೋಳಿಸೋದೂ ಉಂಟು. 1928ರಲ್ಲೇ ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಅನ್ನೋ ವಿಜ್ಞಾನಿ ಶೇವ್ ಮಾಡಿದ ಕೂದಲನ್ನ ಅಳತೆ ಮಾಡಿ ನೋಡಿ, ಬೆಳೆಯೋ ವೇಗದಲ್ಲಾಗ್ಲಿ ದಪ್ಪದಲ್ಲಾಗ್ಲಿ ಏನೂ ಬದಲಾಗಲ್ಲ ಅಂತ ಪ್ರಕಟಿಸಿದ್ರು. ಬ್ಲೇಡ್ ಕತ್ತರಿಸೋದು ಚರ್ಮದ ಮೇಲಿರೋ ಜೀವ ಇಲ್ಲದ ಭಾಗನ, ಬೇರು ಒಳಗಡೆ ಇದೆ, ಅದಕ್ಕೆ ಗೊತ್ತೇ ಆಗಲ್ಲ. ಮುಟ್ಟಿದ್ರೆ ಒರಟು ಅನ್ಸೋದು ಯಾಕಂದ್ರೆ ತಾನಾಗಿ ಬೆಳೆದ ಕೂದಲಿನ ತುದಿ ಚೂಪಾಗಿ ಸವೆದಿರುತ್ತೆ, ಕತ್ತರಿಸಿದ್ದು ಮುರಿದ ಪೆನ್ಸಿಲ್ ತರ ಮೊಂಡಾಗಿರುತ್ತೆ. ಹಾಗಾಗಿ ಬೋಳಿಸಿ ಬೋಳಿಸಿ ಉದುರಿದ ಕೂದಲು ವಾಪಸ್ ತರಿಸ್ತೀನಿ ಅನ್ನೋ ಆಸೆನೂ ಬೇಡ, ಇನ್ನೂ ಉದುರುತ್ತೆ ಅನ್ನೋ ಹೆದರಿಕೆನೂ ಬೇಡ.

ಈಗ ಕೆಲಸಕ್ಕೆ ಬರೋಣ. ಮೊದಲನೇ ಸಲ ಉದ್ದ ಕೂದಲಿಗೆ ನೇರ ಬ್ಲೇಡ್ ಹಾಕ್ಬೇಡಿ, ಸಿಕ್ಕಾಕ್ಕೊಂಡು ಎಳೆಯುತ್ತೆ. ಟ್ರಿಮ್ಮರಿಗೆ ಬಾಚಣಿಗೆ ಹಾಕ್ದೆ ಬರೀ ಬಾಯಿಂದ ಇಡೀ ತಲೆ ಸಣ್ಣ ಮಾಡಿ, ಒಂದೆರಡು ಮಿಲಿಮೀಟರ್ ಉಳಿದ್ರೆ ಸಾಕು. ನನ್ನ ಸಲಹೆ ಏನಂದ್ರೆ ಇಲ್ಲೇ ಒಂದು ವಾರ ನಿಲ್ಸಿ. ತಲೆ ಆಕಾರ ನೋಡ್ಕೊಳ್ಳಿ, ಮನೆಯವರಿಗೂ ಅಭ್ಯಾಸ ಆಗ್ಲಿ, ಚರ್ಮಕ್ಕೂ ಸ್ವಲ್ಪ ಬಿಸಿಲು ಗಾಳಿ ತಾಗ್ಲಿ. ಈ ವಾರದಲ್ಲೇ ಕೈಯಾಡಿಸಿ ಎಲ್ಲಿ ಮಚ್ಚೆ ಇದೆ, ಎಲ್ಲಿ ಗಂಟು ಇದೆ, ಎಲ್ಲಿ ಹಳೇ ಗಾಯದ ಗುರುತಿದೆ, ಎಲ್ಲಿ ಮೂಳೆ ಉಬ್ಬಿದೆ ಅಂತ ತಿಳ್ಕೊಳ್ಳಿ, ಬ್ಲೇಡ್ ತಾಗೋದು ಅಲ್ಲೇ.

ಕೂದಲು ಯಾವ ದಿಕ್ಕಿಗೆ ಬೆಳೀತಿದೆ ಅನ್ನೋದನ್ನೂ ಆಗ್ಲೇ ನೋಡ್ಕೊಳ್ಳಿ. ಹಿಂದಲೆಯ ಮೇಲ್ಭಾಗದಲ್ಲಿ ಸುಳಿ ಇರುತ್ತೆ, ಕೆಲವರಿಗೆ ಎರಡು, ಎರಡು ಸುಳಿ ಇದ್ರೆ ಎರಡು ಮದುವೆ ಅಂತ ಅಜ್ಜಿಯರು ಹೇಳೋದು ಕೇಳಿರ್ತೀರಿ. ಶೇವಿಂಗಲ್ಲಿ ಈ ಸುಳಿ ಬಹಳ ಮುಖ್ಯ. ಅದರ ಸುತ್ತ ಕೂದಲು ತಿರುಗ್ತಾ ಹೋಗುತ್ತೆ, ಮುಂದ್ಗಡೆ ಹಣೆ ಕಡೆಗೆ, ಪಕ್ಕದಲ್ಲಿ ಕಿವಿ ಕಡೆಗೆ, ಹಿಂದೆ ಕತ್ತಿನ ಕಡೆಗೆ, ಮತ್ತೆ ಕತ್ತಿನ ಬುಡದಲ್ಲಿ ಎಷ್ಟೋ ಜನಕ್ಕೆ ಅಡ್ಡಡ್ಡ ಅಥವಾ ಮೇಲ್ಮುಖ. ಬೆರಳ ತುದಿಯಿಂದ ಸವರಿದ್ರೆ ನುಣ್ಣಗೆ ಅನ್ಸೋ ದಿಕ್ಕು ಬೆಳೆಯೋ ದಿಕ್ಕು, ತಡೆದ್ರೆ ಅದು ಎದುರು ದಿಕ್ಕು. ಮೊದಲ ಕೆಲವು ಶೇವ್ ಪೂರ್ತಿ ಬೆಳೆಯೋ ದಿಕ್ಕಲ್ಲೇ ಮಾಡಿ. ಕನ್ನಡಿ ತರ ಹೊಳೀಬೇಕು ಅಂತ ಮೊದಲ ದಿನವೇ ಎದುರು ದಿಕ್ಕಲ್ಲಿ ಎಳೆದ್ರೆ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿಹೋಗುತ್ತೆ, ಅದು ಮತ್ತೆ ಮೇಲೆ ಬರುವಾಗ ದಾರಿ ತಪ್ಪಿ ಚರ್ಮದೊಳಗೇ ಬಾಗಿ ಕೆಂಪು ಗುಳ್ಳೆ ಏಳುತ್ತೆ. ಗುಂಗುರು ಕೂದಲಿನವರಿಗೆ ಇದು ಇನ್ನೂ ಜಾಸ್ತಿ.

ಬ್ಲೇಡಿಗಿಂತ ಮುಖ್ಯವಾದದ್ದು ನೀರು. ಕೂದಲು ತನ್ನ ತೂಕದ ಸುಮಾರು 30% ನೀರು ಹೀರ್ಕೊಳ್ಳುತ್ತೆ, ಹಾಗೆ ನೆನೆದ ಕೂದಲು ಒಣಗಿದ್ದಕ್ಕಿಂತ ಎಷ್ಟೋ ಸುಲಭವಾಗಿ ಕತ್ತರಿಸುತ್ತೆ, ಅದಕ್ಕೆ ಎರಡು ಮೂರು ನಿಮಿಷ ಬೇಕು. ಹಾಗಾಗಿ ಶೇವ್ ಮಾಡೋದು ಸ್ನಾನದ ಕೊನೇಲಿ, ಉಗುರುಬೆಚ್ಚಗಿನ ನೀರು ತಲೆ ಮೇಲೆ ಚೆನ್ನಾಗಿ ಬಿದ್ದ ಮೇಲೆ. ಇಲ್ಲಾಂದ್ರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ಕೊಂಡು ಕೂರಿ. ಬೋರ್‌ವೆಲ್ ನೀರಲ್ಲಿರೋ ಕ್ಯಾಲ್ಸಿಯಂ ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಬಿಳಿ ಪದರ ಆಗುತ್ತೆ, ನೊರೆ ನಿಲ್ಲಲ್ಲ, ಅಂಥ ಕಡೆ ಇರೋರು ಶೇವಿಂಗಿಗೆ ಮಾತ್ರ ಒಂದು ಚೆಂಬು ಫಿಲ್ಟರ್ ನೀರು ಬಿಸಿ ಮಾಡಿಟ್ಕೊಂಡ್ರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತೆ. ಮೈ ಸೋಪು ಹಚ್ಕೊಂಡು ಶೇವ್ ಮಾಡ್ಬೇಡಿ, ಚರ್ಮದ ಪಿಎಚ್ (ಹುಳಿ-ಕ್ಷಾರದ ಅಳತೆ) ಸುಮಾರು 5, ಸೋಪಿನದು 9-10, ಬ್ಲೇಡ್ ಸವರಿದ ಚರ್ಮಕ್ಕೆ ಅದು ಒಣ ಉರಿ ತರುತ್ತೆ. ಶೇವಿಂಗ್ ಕ್ರೀಮೋ ಜೆಲ್ಲೋ ಹಚ್ಚಿ ಒಂದು ನಿಮಿಷ ಬಿಡಿ. ಜೆಲ್ ಪಾರದರ್ಶಕ ಆದ್ರೆ ಮಚ್ಚೆ, ಸುಳಿ ಕಾಣುತ್ತೆ, ಹೊಸಬರಿಗೆ ಅದೇ ಒಳ್ಳೇದು.

ರೇಜರ್ ವಿಷಯ. ತಲೆ ಎಲ್ಲಾ ಕಡೆ ಬಾಗಿರೋ ಜಾಗ, ಹಿಂದ್ಗಡೆ ಕಣ್ಣಿಗೂ ಕಾಣಲ್ಲ, ಹಾಗಾಗಿ ಶುರುವಿನಲ್ಲಿ ಬ್ಲೇಡ್ ಇರೋ ತುದಿ ಆಚೀಚೆ ಬಾಗೋ ಕಾರ್ಟ್ರಿಜ್ ರೇಜರ್ ಸುರಕ್ಷಿತ, ಎರಡು ಮೂರು ಬ್ಲೇಡ್ ಇರೋದು ಸಾಕು. ಐದು ಬ್ಲೇಡಿನದ್ದು ನುಣ್ಣಗೆ ಮಾಡುತ್ತೆ, ಆದ್ರೆ ಮೊದಲ ಬ್ಲೇಡ್ ಎತ್ತಿ ಮುಂದಿನದ್ದು ಇನ್ನೂ ಕೆಳಗೆ ಕತ್ತರಿಸೋದ್ರಿಂದ ಒಳಬೆಳೆಯೋ ಕೂದಲಿನ ತೊಂದರೆ ಇರೋರಿಗೆ ಅದು ಆಗಿಬರಲ್ಲ. ಒಂಟಿ ಬ್ಲೇಡಿನ ಸೇಫ್ಟಿ ರೇಜರ್ ಖರ್ಚು ಕಮ್ಮಿ, ಚರ್ಮಕ್ಕೂ ಒಳ್ಳೇದು, ಆದ್ರೆ ಸುಮಾರು 30 ಡಿಗ್ರಿ ಓರೆ ಹಿಡ್ಯೋದು ಕೈಗೆ ಬರ್ಬೇಕು, ಮುಖದ ಮೇಲೆ ಅದನ್ನ ಬಳಸಿ ಅಭ್ಯಾಸ ಇರೋರು ಮಾತ್ರ ತಲೆಗೆ ತನ್ನಿ. ಕೈಯಲ್ಲಿ ಹಿಡಿಯೋ ಗುಂಡಗಿನ ಎಲೆಕ್ಟ್ರಿಕ್ ಶೇವರ್‌ಗಳು ಈಗ ಬಂದಿವೆ, ಬ್ಲೇಡಿನಷ್ಟು ನುಣುಪು ಬರಲ್ಲ, ಗಾಯದ ಭಯ ಬಹಳ ಕಮ್ಮಿ. ಬೇಗ ಮುಗೀಬೇಕು ಅನ್ನೋರಿಗೆ, ಸಕ್ಕರೆ ಕಾಯಿಲೆ ಇರೋರಿಗೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ ನಾನು ಅದನ್ನೇ ಹೇಳ್ತೀನಿ. ಕೀಮೋಥೆರಪಿ ತಗೊಳ್ತಿರೋರು ಬ್ಲೇಡ್ ಮುಟ್ಟಲೇಬಾರದು, ಅವರಲ್ಲಿ ಪ್ಲೇಟ್‌ಲೆಟ್ಟು, ಬಿಳಿ ರಕ್ತಕಣ ಕಮ್ಮಿಯಾಗಿರಬಹುದು, ಸಣ್ಣ ಗಾಯನೂ ಸೋಂಕಿಗೆ ದಾರಿ, ಟ್ರಿಮ್ಮರ್ ಸಾಕು.

ಶೇವ್ ಮಾಡುವಾಗ ಮೊದಲು ನೆತ್ತಿ, ಆಮೇಲೆ ಪಕ್ಕ, ಕೊನೆಗೆ ಹಿಂದಲೆ ಮತ್ತೆ ಕತ್ತು, ಯಾಕಂದ್ರೆ ಒರಟು ಕೂದಲಿಗೆ ನೆನೆಯೋಕೆ ಜಾಸ್ತಿ ಹೊತ್ತು ಸಿಗುತ್ತೆ. ಸಣ್ಣ ಸಣ್ಣ ಎಳೆತ, ಎರಡು ಇಂಚಿಗಿಂತ ಉದ್ದ ಬೇಡ, ಪ್ರತಿ ಎರಡು ಎಳೆತಕ್ಕೆ ಬ್ಲೇಡ್ ತೊಳೀರಿ. ಒತ್ತಬೇಡಿ, ರೇಜರ್ ಭಾರನೇ ಸಾಕು. ಬಲಗೈಲಿ ರೇಜರ್ ಇದ್ರೆ ಎಡಗೈ ಬೆರಳು ಅದರ ಹಿಂದೆಯೇ ಸವರ್ತಾ ಬರ್ಲಿ, ಉಳಿದಿದ್ದು ಕೈಗೆ ಗೊತ್ತಾಗುತ್ತೆ, ಕನ್ನಡಿಗಿಂತ ಬೆರಳು ನಂಬಿಕಸ್ತ. ಕಿವಿ ಹಿಂದೆ ಮಾಡುವಾಗ ಕಿವಿನ ಮುಂದಕ್ಕೆ ಮಡಚಿ ಹಿಡ್ಕೊಳ್ಳಿ. ಹಿಂದಲೆಯಲ್ಲಿ ಮೂಳೆ ಉಬ್ಬಿರೋ ಕಡೆ ಗದ್ದ ಎದೆಗೆ ತಾಗೋ ಹಾಗೆ ತಲೆ ಬಗ್ಸಿದ್ರೆ ಚರ್ಮ ಬಿಗಿಯಾಗುತ್ತೆ.

ತಲೆಗೆ ಸಣ್ಣ ಗೀರು ಬಿದ್ರೂ ರಕ್ತ ಧಾರಾಳ ಬರುತ್ತೆ, ಗಾಬರಿ ಬೇಡ. ಅಲ್ಲಿ ರಕ್ತನಾಳಗಳು ಬಹಳ, ಜೊತೆಗೆ ಅವು ಗಟ್ಟಿ ನಾರಿನ ಪದರಕ್ಕೆ ಅಂಟ್ಕೊಂಡಿರೋದ್ರಿಂದ ಬೇರೆ ಕಡೆ ತರ ಕುಗ್ಗಿ ಮುಚ್ಕೊಳ್ಳಲ್ಲ, ತೆರೆದೇ ಇರುತ್ತೆ. ಶುದ್ಧ ಬಟ್ಟೆ ಇಟ್ಟು ಐದರಿಂದ ಹತ್ತು ನಿಮಿಷ ತೆಗೆದು ತೆಗೆದು ನೋಡದೆ ಒತ್ತಿ ಹಿಡೀರಿ. ಪಟಿಕ ಸಣ್ಣ ಗೀರಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ಒದ್ದೆ ಮಾಡಿ ಮುಟ್ಟಿಸಿ, ಅರ್ಧ ನಿಮಿಷ ಬಿಟ್ಟು ತೊಳೀರಿ, ಇಡೀ ತಲೆಗೆ ದಿನಾ ಉಜ್ಜಿದ್ರೆ ಚರ್ಮ ಒಣಗುತ್ತೆ. ಪಟಿಕದ ತುಂಡು ಒಬ್ಬರದ್ದು ಒಬ್ಬರಿಗೆ, ರೇಜರ್ರೂ ಅಷ್ಟೇ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಜೀವಂತ ಇರಬಲ್ಲದು, ಅಣ್ಣ ತಮ್ಮ ಒಂದೇ ರೇಜರ್ ಹಂಚ್ಕೊಳ್ಳೋ ಮನೆಗಳು ಈಗ್ಲೂ ಇವೆ, ದಯವಿಟ್ಟು ನಿಲ್ಸಿ. ಸಲೂನಲ್ಲಿ ಮಾಡಿಸೋರು ಬ್ಲೇಡ್ ನಿಮ್ಮ ಕಣ್ಣ ಮುಂದೆ ಹೊಸದು ಮುರಿದು ಹಾಕ್ಲಿ ಅಂತ ಬಾಯಿಬಿಟ್ಟು ಕೇಳಿ, ಅದರಲ್ಲಿ ಅವರಿಗೆ ಅವಮಾನ ಇಲ್ಲ.

ಒಂದು ಬ್ಲೇಡ್ ಎಷ್ಟು ದಿನ? ಎಳೆಯೋಕೆ ಶುರು ಮಾಡಿದ ದಿನ ಬಿಸಾಕಿ, ಅದು ಮೂರನೇ ಶೇವೋ ಆರನೇದೋ ನಿಮ್ಮ ಕೂದಲಿಗೆ ಬಿಟ್ಟಿದ್ದು. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ, ಆದ್ರೂ ಬ್ಲೇಡ್ ಯಾಕೆ ಮೊಂಡಾಗುತ್ತೆ ಅಂತ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಸೂಕ್ಷ್ಮದರ್ಶಕದಲ್ಲಿ ನೋಡಿ 2020ರಲ್ಲಿ ಪ್ರಕಟಿಸಿದ್ರು, ಅಂಚು ನಿಧಾನಕ್ಕೆ ಸವೆಯೋದು ಮಾತ್ರ ಅಲ್ಲ, ಕೂದಲು ಬಾಗೋ ಕ್ಷಣದಲ್ಲಿ ಅಂಚಿನಿಂದ ಸಣ್ಣ ಚೂರುಗಳೇ ಕಿತ್ತುಬರುತ್ತವಂತೆ. ಆ ಹಲ್ಲು ಬಿದ್ದ ಅಂಚೇ ಚರ್ಮ ತರಚೋದು. ಮುಗಿದ ಮೇಲೆ ತೊಳೆದು ಕೊಡವಿ ಬಾತ್‌ರೂಮಿನ ಹೊರಗೆ ಒಣಗೋ ಕಡೆ ಇಡಿ. ಹಳೇ ಬ್ಲೇಡ್‌ಗಳನ್ನ ಒಂದು ಡಬ್ಬಿಗೆ ತುಂಬಿ ಟೇಪ್ ಸುತ್ತಿ ಮೇಲೆ ಬ್ಲೇಡ್ ಅಂತ ಬರೆದು ಕಸದವರ ಕೈಗೆ ಬೇರೆಯಾಗಿ ಕೊಡಿ, ಬರಿಗೈಲಿ ಕಸ ವಿಂಗಡಿಸೋ ಜನ ಇದ್ದಾರೆ.

ಶೇವ್ ರಾತ್ರಿ ಮಾಡೋದು ಒಳ್ಳೇದು ಅಂತ ನಾನು ಹೇಳ್ತೀನಿ. ಮಂಗಳವಾರ ಬೇಡ, ದೀಪ ಹಚ್ಚಿದ ಮೇಲೆ ಬೇಡ ಅಂತ ಮನೇಲಿ ಹಿರಿಯರಿದ್ರೆ ಅವರ ಮನಸ್ಸು ನೋಯಿಸದೆ ಸಂಜೆ ಬೇಗ ಮುಗಿಸ್ಕೊಳ್ಳಿ. ರಾತ್ರಿ ಯಾಕಂದ್ರೆ ಬ್ಲೇಡ್ ಕೂದಲಿನ ಜೊತೆ ಚರ್ಮದ ಮೇಲ್ಪದರನೂ ಸ್ವಲ್ಪ ಕೆರೆದುಬಿಟ್ಟಿರುತ್ತೆ, ಅದು ಸುಧಾರಿಸ್ಕೊಳ್ಳೋಕೆ ಹೊತ್ತು ಬೇಕು. ಬೆಳಗ್ಗೆ ಶೇವ್ ಮಾಡಿ ಅರ್ಧ ಗಂಟೆಲಿ ಹೆಲ್ಮೆಟ್ ಹಾಕಿ ಟ್ರಾಫಿಕ್ಕಲ್ಲಿ ನಿಂತ್ರೆ ಬೆವರಿನ ಉಪ್ಪು, ಹೆಲ್ಮೆಟ್ ಒಳಗಿನ ಕೊಳೆ, ಉಜ್ಜಾಟ ಎಲ್ಲಾ ಆ ಹಸಿ ಚರ್ಮದ ಮೇಲೇ. ಬೈಕ್ ಓಡ್ಸೋರು ಒಳಗೆ ತೆಳು ಕಾಟನ್ ಟೋಪಿ ಹಾಕ್ಕೊಳ್ಳಿ, ದಿನಾ ಒಗೀರಿ, ಹೆಲ್ಮೆಟ್ಟಿನ ಒಳಪದರ ಬಿಚ್ಚೋಕೆ ಬರೋದಾದ್ರೆ ವಾರಕ್ಕೊಂದ್ಸಲ ತೊಳೀರಿ. ತಲೆ ಮೇಲೆ ಪದೇ ಪದೇ ಕೀವುಗುಳ್ಳೆ ಅಂತ ಒದ್ದಾಡೋರಲ್ಲಿ ಎಷ್ಟೋ ಜನಕ್ಕೆ ಇಷ್ಟರಲ್ಲೇ ಅರ್ಧ ಕಮ್ಮಿ ಆಗುತ್ತೆ.

ಶೇವ್ ಆದ ಮೇಲೆ ತಣ್ಣೀರು, ಟವೆಲಲ್ಲಿ ಉಜ್ಜದೆ ಒತ್ತಿ ಒರೆಸೋದು, ಚರ್ಮ ಇನ್ನೂ ಪಸೆ ಇರುವಾಗ ಸುವಾಸನೆ ಇಲ್ಲದ ಮಾಯಿಶ್ಚರೈಸರ್. ಸ್ಪಿರಿಟ್ ಇರೋ ಆಫ್ಟರ್‌ಶೇವ್ ಉರಿಯೋದು ಒಳ್ಳೇದಕ್ಕಲ್ಲ, ಬಿಡಿ. ಎಣ್ಣೆ ವಿಷಯಕ್ಕೆ ಬಂದ್ರೆ ನಮ್ಮಲ್ಲಿ ಜಗಳ ಶುರುವಾಗುತ್ತೆ, ತಲೆ ಅಂದ್ರೆ ಕೊಬ್ಬರಿ ಎಣ್ಣೆ, ಹರಳೆಣ್ಣೆ ಅಂತ ಬೆಳೆದವರು ನಾವು. ಬೋಳು ತಲೇಲೂ ಜಿಡ್ಡಿನ ಗ್ರಂಥಿಗಳು ಹಾಗೇ ಇರುತ್ತೆ, ಆ ಜಿಡ್ಡು ಹೀರ್ಕೊಳ್ಳೋಕೆ ಕೂದಲಿಲ್ಲ, ಅದಕ್ಕೇ ತಲೆ ಹೊಳೆಯೋದು. ಒಣ ಚರ್ಮದವರು ಚಳಿಗಾಲದಲ್ಲಿ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿದ್ರೆ ತೊಂದರೆ ಇಲ್ಲ. ಆದ್ರೆ ಹೊಟ್ಟು ಬರೋರು ಎಣ್ಣೆ ಹಚ್ಚಬಾರದು. ಕೂದಲು ಹೋದ್ರೆ ಹೊಟ್ಟೂ ಹೋಗುತ್ತೆ ಅಂತ ಅಂದ್ಕೊಳ್ತೀವಿ, ಹಾಗಲ್ಲ, ಹೊಟ್ಟಿಗೆ ಕಾರಣ ಮಲಸೇಜಿಯ ಅನ್ನೋ ಫಂಗಸ್, ಅದು ಎಲ್ಲರ ಚರ್ಮದ ಮೇಲೂ ಇರುತ್ತೆ, ಜಿಡ್ಡು ತಿಂದು ಬದುಕುತ್ತೆ. ಎಣ್ಣೆ ಹಚ್ಚಿದಷ್ಟೂ ಅದಕ್ಕೆ ಊಟ. ಕೆಂಪಾಗಿ ಹಳದಿ ಜಿಡ್ಡು ಪೊರೆ ಏಳೋರಿಗೆ ಡಾಕ್ಟರು ಸಾಮಾನ್ಯವಾಗಿ ಕೊಡೋದು 2% ಕೀಟೊಕೊನಜೋಲ್ ಶಾಂಪೂ, ಹಚ್ಚಿ ಐದು ನಿಮಿಷ ಬಿಟ್ಟು ತೊಳೀಬೇಕು, ತಕ್ಷಣ ತೊಳೆದ್ರೆ ಅದು ಕೆಲಸ ಮಾಡೋಕೆ ಹೊತ್ತೇ ಸಿಗಲ್ಲ. ಉಳಿದವರಿಗೆ ಮುಖಕ್ಕೆ ಬಳಸೋ ಸೌಮ್ಯ ಫೇಸ್‌ವಾಶ್ ದಿನಕ್ಕೊಂದ್ಸಲ ಸಾಕು.

ಬಿಸಿಲು ಇಡೀ ಲೇಖನದಲ್ಲಿ ನಾನು ಒತ್ತಿ ಹೇಳ್ಬೇಕು ಅಂದ್ಕೊಂಡಿರೋ ವಿಷಯ. ಸೂರ್ಯ ನೆತ್ತಿ ಮೇಲೆ ಬರೋ ದೇಶ ನಮ್ಮದು, ಆ ನೆತ್ತಿನೇ ಈಗ ಬರಿದು. ಬೆಂಗಳೂರು, ಮೈಸೂರಿನವರು ನಮ್ಮೂರು ತಂಪು ಅಂತ ಸುಮ್ಮನಿರ್ತಾರೆ, ಬಿಸಿಯೇ ಬೇರೆ ಅತಿನೇರಳೆ ಕಿರಣವೇ ಬೇರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಇದೆ, ಮಾರ್ಚ್ ಏಪ್ರಿಲ್ ನಡುಹಗಲು ಈ ಕಿರಣದ ಜೋರು ಅಳೆಯೋ ಯುವಿ ಇಂಡೆಕ್ಸ್ 11 ದಾಟುತ್ತೆ, ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಅದು ಅತ್ಯಂತ ಹೆಚ್ಚಿನ ಹಂತ. ಕಂದು ಚರ್ಮದವರಿಗೆ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಮ್ಮಿ, ಆದ್ರೆ ಸುಟ್ಟ ಕಲೆ, ಮಚ್ಚೆ ಮಚ್ಚೆಯಾಗೋದು, ಒರಟಾಗೋದು ನಮಗೂ ಇದೆ, ಹೊರದೇಶದಲ್ಲಿ ಇರೋ ನಮ್ಮವರು ಹಿಮದ ಮೇಲಿನ ಬಿಸಿಲಿಗೂ ಜೋಪಾನ ಇರ್ಬೇಕು, ಅದು ಕಿರಣನ ವಾಪಸ್ ಎಸೆಯುತ್ತೆ. ಹಾಗಾಗಿ ತಲೆಗೆ ಸನ್‌ಸ್ಕ್ರೀನ್ ಕ್ರೀಮು ಹಚ್ಚಿ, ಅದರ ಮೇಲೆ ಬರೆದಿರೋ ಎಸ್‌ಪಿಎಫ್ ನಂಬರ್ 30 ಇದ್ರೆ ಚರ್ಮ ಸುಡೋ ಯುವಿಬಿ ಕಿರಣನ ಸುಮಾರು 97% ತಡೆಯುತ್ತೆ, 50 ಸುಮಾರು 98%, ಹಾಗಾಗಿ ನಂಬರ್ ಹಿಂದೆ ಬೀಳೋದಕ್ಕಿಂತ ಸಾಕಷ್ಟು ಹಚ್ಚೋದು ಮುಖ್ಯ. ತೋರುಬೆರಳು ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದ್ರೆ ತಲೆಗೆ ಸರಿಹೋಗುತ್ತೆ, ಕಿವಿ ಮೇಲ್ತುದಿ ಮತ್ತೆ ಕತ್ತು ಮರೀಬೇಡಿ, ಹೊರಗೇ ಕೆಲಸ ಇದ್ರೆ ಎರಡು ಗಂಟೆಗೊಮ್ಮೆ ಮತ್ತೆ. ಹೊಲದಲ್ಲಿ, ಸೈಟಲ್ಲಿ ಕೆಲಸ ಮಾಡೋರಿಗೆ ಇದು ಆಗದ ಮಾತು, ಅವರಿಗೆ ಹತ್ತಿ ಟವೆಲ್ ರುಮಾಲು ಸುತ್ಕೊಳ್ಳೋದು ಯಾವ ಕ್ರೀಮಿಗೂ ಕಮ್ಮಿ ಇಲ್ಲ.

ಚಳಿ ಬಗ್ಗೆ ಒಂದು ಮಾತು. ಮೈಬಿಸಿ ಅರ್ಧಕ್ಕರ್ಧ ತಲೆಯಿಂದಲೇ ಹೋಗುತ್ತೆ ಅನ್ನೋದು ನಿಜ ಅಲ್ಲ, ತಲೆಯಿಂದ ಹೋಗೋದು ಹೆಚ್ಚುಕಮ್ಮಿ 10%, ಅದರ ಗಾತ್ರಕ್ಕೆ ತಕ್ಕಷ್ಟೇ. ಚಳಿ ಅನ್ಸಿದ್ರೆ ಟೋಪಿ ಹಾಕಿ, ಅಷ್ಟೇ.

ಸೋರಿಯಾಸಿಸ್ ಅಥವಾ ತೊನ್ನು ಇರೋರು ಬ್ಲೇಡಿಗೆ ಮುಂಚೆ ಚರ್ಮದ ಡಾಕ್ಟರ ಹತ್ರ ಮಾತಾಡಿ, ಈ ಎರಡರಲ್ಲೂ ಗೀರು ಬಿದ್ದ ಜಾಗದಲ್ಲೇ ಹೊಸ ಪ್ಯಾಚ್ ಏಳೋ ಸ್ವಭಾವ ಇದೆ. ಕತ್ತಿನ ಹಿಂದೆ ಗಟ್ಟಿ ಗುಳ್ಳೆಗಳು ಎದ್ದು ನಿಧಾನಕ್ಕೆ ಗಂಟು ಗಂಟಾಗಿ ಕೂದಲೇ ಬರದ ಕಲೆ ಆಗ್ತಿದ್ರೆ ಅದು ಮಾಮೂಲಿ ಶೇವಿಂಗ್ ಗುಳ್ಳೆ ಅಲ್ಲ, ಆ ಜಾಗದಲ್ಲಿ ನುಣ್ಣಗೆ ಶೇವ್ ಮಾಡೋದು ಪೂರ್ತಿ ನಿಲ್ಸಿ ತೋರಿಸ್ಬೇಕು, ಬೇಗ ಹೋದಷ್ಟೂ ಕಲೆ ಕಮ್ಮಿ. ಸಾಮಾನ್ಯ ಗುಳ್ಳೆ ಆದ್ರೆ ಎರಡು ಮೂರು ವಾರ ಬ್ಲೇಡ್ ಬಿಟ್ಟು ಟ್ರಿಮ್ಮರಲ್ಲಿ ಒಂದು ಮಿಲಿಮೀಟರ್ ಇಟ್ಕೊಳ್ಳಿ, ಸೂಜಿಯಲ್ಲಿ ಚುಚ್ಚಿ ಕೀಳ್ಬೇಡಿ.

ನಿಮ್ಮ ತಲೆ ಹಿಂಭಾಗ ನಿಮಗೆ ಯಾವತ್ತೂ ಕಾಣಲ್ಲ. ತಿಂಗಳಿಗೊಂದ್ಸಲ ಮನೇಲಿ ಯಾರಿಗಾದ್ರೂ ಹೇಳಿ ಬೆಳಕಲ್ಲಿ ಫೋನಿಂದ ಮೇಲೆ, ಹಿಂದೆ, ಎರಡು ಪಕ್ಕದ ಫೋಟೋ ತೆಗೆಸಿ ಇಟ್ಕೊಳ್ಳಿ, ಹಿಂದಿನ ತಿಂಗಳದ್ದರ ಜೊತೆ ಪಕ್ಕ ಪಕ್ಕ ಇಟ್ಟು ನೋಡಿ. ಬಣ್ಣ ಅಥವಾ ಗಾತ್ರ ಬದಲಾಗ್ತಿರೋ ಮಚ್ಚೆ, ಉಜ್ಜಿದ್ರೆ ಮರಳು ಕಾಗದದ ಹಾಗೆ ತಾಗೋ ಒರಟು ಚುಕ್ಕೆ, ನಾಲ್ಕು ವಾರ ಆದ್ರೂ ವಾಸಿ ಆಗದೆ ಹಕ್ಕಳೆ ಕಟ್ಟಿ ಕಿತ್ತು ಮತ್ತೆ ಕಟ್ಟೋ ಗಾಯ, ಇವು ಮೂರರಲ್ಲಿ ಯಾವುದೇ ಇದ್ರೂ ಅದರ ಮೇಲೆ ಬ್ಲೇಡ್ ಆಡಿಸ್ಬೇಡಿ, ಆ ಫೋಟೋಗಳನ್ನೂ ತಗೊಂಡು ಚರ್ಮದ ಡಾಕ್ಟರ ಹತ್ರ ಹೋಗಿ.